ಅಂಟು ಠೇವಣಿ

ಬ್ಯಾಂಕು ಮುಳುಗುವುದು ಸಾಲ ಕೆಟ್ಟಾಗ ಅಲ್ಲ, ಜನ ಓಡಿದಾಗ. ಮೇಲ್ವಿಚಾರಣಾ ಮಂಡಳಿಯ ದೊಡ್ಡವರಿಗೆ ಈ ಜ್ಞಾನೋದಯವಾಗುವಷ್ಟರಲ್ಲಿ ದೇಶದಲ್ಲಿ ಸಾಕಷ್ಟು ಬ್ಯಾಂಕುಗಳು ಮುಳುಗಿ, ಸಾಕಷ್ಟು ಜನ ಮುಚ್ಚಿದ ಶಟರುಗಳ ಮುಂದೆ ಎದೆ ಬಡಿದುಕೊಂಡಾಗಿತ್ತು. ತಡವಾಗಿ ಬಂದ ಬುದ್ಧಿ ಜೋರಾಗಿಯೇ ಬಂತು. ಬಂಡವಾಳ ಎಷ್ಟು, ಕೆಟ್ಟ ಸಾಲ ಎಷ್ಟು ಎಂದು ಕಾಗದ ತಿರುವಿ ಹಾಕುವ ಹಳೆಯ ತಪಾಸಣೆಯನ್ನು ಮೂಲೆಗೆ ಸರಿಸಿ, ಠೇವಣಿದಾರರನ್ನೇ ತಪಾಸಣೆ ಮಾಡುವ ಯಂತ್ರವೊಂದನ್ನು ಕಟ್ಟಿಸಿದರು. ಅದಕ್ಕೆ ಪಡಿಯೂರು ಎಂದು ಹೆಸರಿಟ್ಟರು.

ಪಡಿಯೂರು ಅಂದರೆ ಯಂತ್ರದೊಳಗಿನ ಊರು. ನವಲಗೇರಿಯ ಪೇಟೆ ಬ್ಯಾಂಕಿನಲ್ಲಿ ಎಷ್ಟು ಜನ ಹಣ ಇಟ್ಟಿದ್ದರೋ ಅಷ್ಟೂ ಜನರ ಪಡಿಯಚ್ಚುಗಳು ಅದರಲ್ಲಿದ್ದವು. ಯಾರು ಯಾರಿಗೆ ಫೋನು ಮಾಡುತ್ತಾರೆ, ಯಾರ ಅಂಗಡಿಯಲ್ಲಿ ಯಾರು ಸಂತೆ ಮಾಡುತ್ತಾರೆ, ಯಾರು ಹಣ ತೆಗೆದ ಮೇಲೆ ಯಾರು ಹೋಗಿ ತೆಗೆಯುತ್ತಾರೆ, ಇದನ್ನೆಲ್ಲ ವರ್ಷಗಟ್ಟಲೆ ನುಂಗಿ ಯಂತ್ರವು ಒಬ್ಬೊಬ್ಬರ ಸ್ವಭಾವವನ್ನೂ ಕಲಿತಿತ್ತು. ತಪಾಸಣೆಯ ದಿನ ಮಂಡಳಿಯವರು ಆ ಊರಿನೊಳಗೆ ಒಂದು ಕೆಟ್ಟ ಸುದ್ದಿ ಬಿಡುತ್ತಿದ್ದರು. ಬ್ಯಾಂಕಿನ ಅಧ್ಯಕ್ಷ ಆಸ್ಪತ್ರೆ ಸೇರಿದನಂತೆ, ದೊಡ್ಡ ಸಾಲಗಾರ ದೇಶ ಬಿಟ್ಟನಂತೆ, ಹೀಗೆ ಏನೋ ಒಂದು. ಗೋಡೆಯಗಲದ ಪರದೆಯ ಮೇಲೆ ಠೇವಣಿದಾರರು ಚುಕ್ಕಿಗಳಾಗಿ ಕಾಣುತ್ತಿದ್ದರು. ಹಸಿರಾಗಿದ್ದವು ಹಳದಿಯಾಗಿ, ಹಳದಿಯಾದವು ಕೆಂಪಾಗಿ ಬ್ಯಾಂಕಿನತ್ತ ಓಡತೊಡಗಿದರೆ ಆ ಬ್ಯಾಂಕಿಗೆ ಆಯುಷ್ಯ ಕಡಿಮೆ ಎಂದು ಅರ್ಥ. ಕೆಲವು ಚುಕ್ಕಿಗಳು ಏನೇ ಆದರೂ ಹಸಿರಾಗಿಯೇ ಇರುತ್ತಿದ್ದವು. ಅಂಥವರ ಹಣಕ್ಕೆ ಮಂಡಳಿಯವರ ಬಾಯಲ್ಲಿ ಅಂಟು ಠೇವಣಿ ಎಂದು ಹೆಸರು. ಬ್ಯಾಂಕಿಗೆ ಅಂಟಿಕೊಂಡಿರುವ, ಕಿತ್ತರೂ ಬರದ ಹಣ.

ಮಧುಮತಿ ಕಡೇಮನಿ ಆ ಪರದೆಯ ಮುಂದೆ ಕೂರುವ ವಿಶ್ಲೇಷಕರಲ್ಲಿ ಒಬ್ಬಳು. ಊರು ನವಲಗೇರಿ, ಕಚೇರಿ ಹುಬ್ಬಳ್ಳಿಯಲ್ಲಿ. ಬೆಳಿಗ್ಗೆ ರೈಲು ಹತ್ತಿ ಬಂದು ಸಂಜೆ ರೈಲಿನಲ್ಲಿ ಮರಳುವವಳು. ಗಂಡ ಬಸವಂತ ಗಾಳಿಯಂತ್ರಗಳ ರಿಪೇರಿಗೆ ಗುಡ್ಡ ಗುಡ್ಡ ಅಲೆಯುವವನು, ಮನೆಗೆ ಬರುವುದು ಹದಿನೈದು ದಿನಕ್ಕೊಮ್ಮೆ. ಹಾಗಾಗಿ ಮನೆಯಲ್ಲಿ ಅವಳು, ಅತ್ತೆ ನೀಲಗಂಗವ್ವ, ಮತ್ತು ಹಿತ್ತಲಿನ ಒಲೆಗಳು. ಆ ಒಲೆಗಳ ಮುಂದೆ ಗಾಣಿಗೇರ ಓಣಿಯ ಹೆಂಗಸರು ದಿನವೂ ಕೂತು ರೊಟ್ಟಿ ಬಡಿಯುತ್ತಿದ್ದರು. ಅವರ ಖಡಕ್ ರೊಟ್ಟಿ ಹುಬ್ಬಳ್ಳಿಯ ಖಾನಾವಳಿಗಳಿಗೆ ಹೋಗುತ್ತಿತ್ತು. ಬಂದ ದುಡ್ಡಿನಲ್ಲಿ ಒಂದು ಪಾಲನ್ನು ತಿಂಗಳು ತಿಂಗಳೂ ತಾವು ಕಟ್ಟಿಕೊಂಡ ಸಂಘದ ಹೆಸರಿಗೆ ಪೇಟೆ ಬ್ಯಾಂಕಿಗೆ ಹಾಕುತ್ತ, ತಗಡಿನ ಶೆಡ್ಡು, ಹೊಗೆ ಬಾರದ ಒಲೆ, ಹಿಟ್ಟು ನಾದುವ ಯಂತ್ರ ಎಂದು ಬೆರಳು ಮಡಚಿ ಕನಸು ಕಾಣುತ್ತಿದ್ದರು. ಹೊಗೆಗೆ ಕಣ್ಣು ಮಂಜಾಗಿದ್ದ ಹುಸೇನಬಿಗೆ ಆ ಒಲೆಯದೇ ಧ್ಯಾನ.

ಪೇಟೆ ಬ್ಯಾಂಕಿನ ತಪಾಸಣೆ ಬಂದ ದಿನ ಮಧುಮತಿಗೆ ಒಳಗೊಳಗೇ ಪುಕುಪುಕು ಇತ್ತು. ಬ್ಯಾಂಕಿನ ಹೊಟ್ಟೆ ಟೊಳ್ಳಾಗಿದೆ ಎಂದು ಕಾಗದಗಳು ಮೊದಲೇ ಹೇಳಿದ್ದವು. ಬ್ಯಾಂಕಿನ ನಿರ್ದೇಶಕರು ತಮ್ಮ ಅಳಿಯ-ಮೈದುನರಿಗೆ ಕೊಟ್ಟ ಸಾಲ ಒಂದೂ ವಾಪಸು ಬಂದಿರಲಿಲ್ಲ. ಮುಖ್ಯಾಧಿಕಾರಿ ಇನಾಮದಾರರು ಸುದ್ದಿ ಬಿಡಲು ಹೇಳಿದರು. ಅವಳು ಬಿಟ್ಟಳು. ಚುಕ್ಕಿಗಳು ಹಳದಿಯಾದವು. ಇನ್ನೇನು ಓಡಿದವು ಅನ್ನುವಷ್ಟರಲ್ಲಿ, ಇಡೀ ಊರು ಬ್ಯಾಂಕನ್ನು ಬಿಟ್ಟು ಗಾಣಿಗೇರ ಓಣಿಯ ಒಂದೇ ಒಂದು ಹಸಿರು ಚುಕ್ಕಿಯ ಕಡೆ ತಿರುಗಿ ನಿಂತಿತು. ಆ ಚುಕ್ಕಿ ಅಲ್ಲಾಡಲಿಲ್ಲ. ಸ್ವಲ್ಪ ಹೊತ್ತಿಗೆ ಉಳಿದವೂ ಒಂದೊಂದಾಗಿ ಹಸಿರಿಗೆ ತಿರುಗಿ ತಮ್ಮ ತಮ್ಮ ಮನೆಗೆ ಹೋದವು.

"ಅರೇ! ಯಾರ್ರೀ ಈ ಮಹಾನುಭಾವರು?" ಎಂದರು ಇನಾಮದಾರರು, ಕನ್ನಡಕ ಹಣೆಗೇರಿಸಿ. "ಹೆಸರು ತಗೀರಿ."

ಹೆಸರು ತೆಗೆಯಲು ಮೇಲಿನವರ ಅನುಮತಿ ಬೇಕು. ಅದೂ ಬಂತು. ನೀಲಗಂಗವ್ವ ಕಡೇಮನಿ, ರೊಟ್ಟಿ ವ್ಯಾಪಾರ.

ಇನಾಮದಾರರು ಪರದೆಯನ್ನೊಮ್ಮೆ, ಮಧುಮತಿಯನ್ನೊಮ್ಮೆ ನೋಡಿದರು. "ಇದು ನಿಮ್ಮ ಮನೀ ವಿಳಾಸ ಅಲ್ಲೇನ್ರೀ?"

ಅವಳಿಗೆ ಎಲ್ಲ ಅರ್ಥವಾಯಿತು, ಮುಖ ಕೆಂಪಾಯಿತು. ಊರಿನಲ್ಲಿ ಅವಳ ಕೆಲಸ ಏನೆಂದು ಯಾರಿಗೂ ಸರಿಯಾಗಿ ಗೊತ್ತಿಲ್ಲ. 'ಬ್ಯಾಂಕಿನವರಿಗೇ ಬೈಯೋ ಆಫೀಸಿನ್ಯಾಗ ಅದಾಳ' ಎಂದಷ್ಟೇ ಗೊತ್ತು. ಬ್ಯಾಂಕಿನ ಬಗ್ಗೆ ಗಾಳಿಮಾತು ಬಂದಾಗಲೆಲ್ಲ ಜನ ಕಾಗದ ಓದುತ್ತಿರಲಿಲ್ಲ, ಟೀವಿ ನೋಡುತ್ತಿರಲಿಲ್ಲ. ನೀಲಗಂಗವ್ವ ಹಣ ತೆಗೆದಳಾ ಎಂದು ನೋಡುತ್ತಿದ್ದರು. ಸೊಸೆಗೆ ಗೊತ್ತಿದ್ದರೆ ಅತ್ತೆಗೆ ಹೇಳದೆ ಇರುತ್ತಾಳೆಯೇ? ಅತ್ತೆ ಸುಮ್ಮನಿದ್ದಾಳೆ ಅಂದರೆ ಬ್ಯಾಂಕು ಗಟ್ಟಿ ಇದೆ. ನವಲಗೇರಿಯವರು ಯಾರ ಹಂಗೂ ಇಲ್ಲದೆ ಕಟ್ಟಿಕೊಂಡಿದ್ದ ಮೇಲ್ವಿಚಾರಣೆ ಇದು. ಖರ್ಚಿಲ್ಲದ್ದು, ಬಹಳ ವರ್ಷ ನಡೆದದ್ದು.

ಯಂತ್ರದಲ್ಲಿ ಅತ್ತೆ ಇದ್ದಳು, ಸೊಸೆ ಇರಲಿಲ್ಲ. ತಪಾಸಣೆ ಮಾಡುವವರ ಪಡಿಯಚ್ಚು ಮಾಡಕೂಡದೆಂದು ಮಂಡಳಿಯ ನಿಯಮ. ತಮ್ಮನ್ನು ಬಿಟ್ಟು ಉಳಿದ ಲೋಕವನ್ನೆಲ್ಲ ಅಳೆಯುವುದು ದೊಡ್ಡ ಕಚೇರಿಗಳ ಹಳೆಯ ಚಟ.

ಇನಾಮದಾರರು ಕೆಟ್ಟ ಮನುಷ್ಯರೇನಲ್ಲ. ಕೆಟ್ಟವರಾಗಿದ್ದರೆ ಮಧುಮತಿಗೆ ಕೆಲಸ ಸುಲಭವಾಗುತ್ತಿತ್ತು. ಅವರು ಅವಳನ್ನು ಕೂರಿಸಿ, ಚಹಾ ತರಿಸಿ, ಮಗಳಿಗೆ ಹೇಳುವಂತೆ ಹೇಳಿದರು. "ನೋಡ್ರಿ ಮಧುಮತಿ, ಈ ಬ್ಯಾಂಕನ್ನ ಒಂದು ದೊಡ್ಡ ಬ್ಯಾಂಕ್ ತಗೊಳ್ಳಿಕ್ಕೆ ತಯಾರದ. ಮಾತುಕತಿ ಮುಗೀಲಿಕ್ಕೆ ಮೂರು ವಾರ ಬೇಕು. ಅಷ್ಟರಾಗ ಊರು ಓಡ್ತು ಅಂದ್ರ ಯಾರಿಗೂ ಏನೂ ಸಿಗೂದಿಲ್ಲ. ಓಡಲಿಲ್ಲ ಅಂದ್ರ ಎಲ್ಲಾರ ರೊಕ್ಕನೂ ಉಳೀತದ. ನಿಮ್ಮ ಅತ್ತಿಯವರು ಸುಮ್ಮ ಇದ್ರ ಸಾಕು."

"ಅವರ ಸಂಘದವರು ಮುಂದಿನ ವಾರ ರೊಕ್ಕ ತಗಿಯೋರದಾರ್ರಿ ಸರ್. ಶೆಡ್ ಹಾಕ್ಸಾಕ."

ಇನಾಮದಾರರು ಚಹಾದ ಲೋಟ ಕೆಳಗಿಟ್ಟರು. "ಹಂಗಂದ್ರ ನೀವು..."

"ನಾ ಸುಳ್ಳು ಹೇಳೂದಿಲ್ರಿ."

"ಛೇ ಛೇ! ಸುಳ್ಳು ಯಾಕ ಹೇಳ್ತೀರಿ? ಬರೇ 'ಇರ್ಲಿ ಬಿಡ್ರಿ' ಅನ್ರಿ. ಅದರಾಗೇನು ಸುಳ್ಳದ?"

ಮನೆಯಲ್ಲಿ ಆ ಮಾತು ಬರಲು ಬಹಳ ದಿನ ಹಿಡಿಯಲಿಲ್ಲ. ಭಾನುವಾರ, ಹಿತ್ತಲಿನಲ್ಲಿ ಹೆಂಗಸರೆಲ್ಲ ಸೇರಿದ್ದರು. ಸಾವಂತ್ರವ್ವ ಶೆಡ್ಡಿನ ಅಳತೆಯನ್ನು ಸುಣ್ಣದಲ್ಲಿ ನೆಲದ ಮೇಲೆ ಗೆರೆ ಎಳೆದು ತೋರಿಸುತ್ತಿದ್ದಳು. ಹುಸೇನಬಿ ಆ ಗೆರೆಯೊಳಗೆ ಹೋಗಿ ಕೂತು, "ನಾ ಇಲ್ಲೇ ಕುಂದ್ರಾಕಿ, ಈ ಜಾಗ ಯಾರಿಗೂ ಕೊಡಂಗಿಲ್ಲ" ಎಂದು ಮೊಂಡು ಮಾಡುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ಬಟ್ಟೆ ಒಣಹಾಕುತ್ತಿದ್ದ ಮಧುಮತಿಯ ಬಳಿ ನೀಲಗಂಗವ್ವ ಬಂದಳು.

"ಮಧು, ನಾಳೆ ರೊಕ್ಕ ತಗ್ಯೂನು ಅಂತ ಮಾಡೇವಿ. ಏನಂತೀ?"

ಯಾಕೆ ಕೇಳಿದಳು? ಯಾವತ್ತೂ ಕೇಳಿದವಳಲ್ಲ. ಸುಮ್ಮನೆ ಕೇಳಿದ್ದಳು. ಸೊಸೆ ಓದಿದವಳು, ಅವಳನ್ನೊಂದು ಮಾತು ಕೇಳಿದರೆ ಅವಳಿಗೂ ಖುಷಿ ಎಂದು ಕೇಳಿದ್ದಳು, ಅಷ್ಟೇ. ಮಧುಮತಿಗೆ ಎಲ್ಲವನ್ನೂ ಬಡಬಡ ಹೇಳಿಬಿಡಬೇಕು ಅನ್ನಿಸಿತು. ಹೇಳಿದರೆ ಕೆಲಸ ಹೋಗುತ್ತದೆ, ಜೈಲೂ ಇದೆ. ಮೇಲಾಗಿ ಊರು ಓಡುತ್ತದೆ, ಯಾರಿಗೂ ಏನೂ ಸಿಗುವುದಿಲ್ಲ. ಹೇಳದಿದ್ದರೆ ಎಲ್ಲರದೂ ಉಳಿಯುತ್ತದೆ. ಇಷ್ಟು ಸರಳವಾದ ಲೆಕ್ಕ ಇಷ್ಟು ಭಾರ ಯಾಕಾಗಿದೆ ಎಂದು ಅವಳಿಗೇ ತಿಳಿಯಲಿಲ್ಲ.

"ಇನ್ನೊಂದು ಸ್ವಲ್ಪ ದಿನ ಇರ್ಲಿ ಬಿಡ್ರಿ ಅತ್ತಿ" ಎಂದಳು, ಸೀರೆಯನ್ನು ತಂತಿಯ ಮೇಲೆ ಹರವುತ್ತ. ಮುಖ ಕಾಣದಂತೆ ಸೀರೆಯ ಆಚೆ ನಿಂತಿದ್ದಳು.

"ಬಡ್ಡಿ ಏನರ ಹೆಚ್ಚು ಮಾಡವ್ರದಾರೇನು?"

"ಹ್ಞೂಂ... ಇರ್ಲಿ."

ಹಾಳಾದ ಎರಡು ಅಕ್ಷರ! ನೀಲಗಂಗವ್ವ ಹೆಂಗಸರ ಕಡೆ ತಿರುಗಿ, "ಮಧು ಇರ್ಲಿ ಅಂತಾಳ್ರವಾ, ಇನ್ನೊಂದೀಟು ದಿನ ಕಾಯೂನು" ಎಂದಳು. ಹುಸೇನಬಿ ಸುಣ್ಣದ ಗೆರೆಯಿಂದ ಎದ್ದು ಪೆಚ್ಚುನಗೆ ನಕ್ಕು, ಹೊಗೆಯ ಮುಂದೆ ಹೋಗಿ ಕೂತಳು. ಅಷ್ಟಕ್ಕೇ ಬಿಡದೆ ನೀಲಗಂಗವ್ವ ಸೋಮವಾರ ಹೋಗಿ, ತನ್ನ ಗಂಟಿನಲ್ಲಿದ್ದ ಚೂರುಪಾರನ್ನೂ ಬ್ಯಾಂಕಿಗೆ ಹಾಕಿ ಬಂದಳು. ಸೊಸೆ ಹೇಳಿದ್ದಾಳೆ ಅಂದಮೇಲೆ ಬಡ್ಡಿ ಬಂದೇ ಬರುತ್ತದೆ. ಅದನ್ನು ಓಣಿ ನೋಡಿತು, ಓಣಿಯನ್ನು ಊರು ನೋಡಿತು. ಹಳೇ ಬಸ್‌ಸ್ಟ್ಯಾಂಡಿನ ಕಿರಾಣಿ ಅಂಗಡಿಯವನು ತೆಗೆಯಲೆಂದು ಚೀಟಿ ಬರೆದವನು ಹರಿದು ಹಾಕಿದನಂತೆ.

ಕಚೇರಿಯಲ್ಲಿ ಇನಾಮದಾರರು ಪೇಢೆ ಹಂಚಿದರು.

ಮೂರು ವಾರ ತುಂಬುವ ಮೊದಲೇ, ಒಂದು ಬೆಳಿಗ್ಗೆ, ಅವರು ಅವಳನ್ನು ನಿಯಂತ್ರಣ ಕೊಠಡಿಗೆ ಕರೆದರು. ಮುಖದಲ್ಲಿ ಕಳೆ ಇರಲಿಲ್ಲ. ಕೊಳ್ಳುವ ಬ್ಯಾಂಕಿನವರು ಹೊಸ ಷರತ್ತು ಹಾಕಿದ್ದರು. ಇಡೀ ನಷ್ಟವನ್ನು ತಾವು ಹೊರುವುದಿಲ್ಲ, ಒಂದು ಭಾಗವನ್ನು ಠೇವಣಿದಾರರು ಹೊರಬೇಕು. ಯಾವ ಠೇವಣಿದಾರರು ಎಂಬುದನ್ನು ಮಂಡಳಿಯೇ ಪಡಿಯೂರಿನಲ್ಲಿ ಪ್ರಯೋಗ ಮಾಡಿ ತೀರ್ಮಾನಿಸಲಿ. ಅಪಾಯ ಕಡಿಮೆ ಇರುವ ದಾರಿ ಯಾವುದೋ ಅದು.

"ದೊಡ್ಡ ಠೇವಣಿದಾರರ ಮ್ಯಾಲೆ ಕತ್ತರಿ ಹಾಕಿ ನೋಡಿದ್ವಿ" ಎಂದರು ಇನಾಮದಾರರು. ಪರದೆಯ ಮೇಲೆ ನವಲಗೇರಿ ಒಮ್ಮೆಲೆ ಕೆಂಪಾಗಿ, ಆ ಕೆಂಪು ಪಕ್ಕದ ಊರುಗಳಿಗೂ ಹಬ್ಬಿತು. "ನೋಡ್ರಿ, ಇನ್ನೂ ಮೂರು ಬ್ಯಾಂಕ್ ಮುಳುಗ್ತಾವ. ಈಗ ಇದನ್ನ ನೋಡ್ರಿ. ಸಂಘದ ಖಾತೆಗಳು."

ಸಂಘದ ಖಾತೆಗಳಿಗೆ ಕತ್ತರಿ ಬಿತ್ತು. ಮೂರರಲ್ಲಿ ಎರಡು ಪಾಲು ಹಣ ಇಲ್ಲವಾಯಿತು. ಚುಕ್ಕಿಗಳು ಒಂದಿಷ್ಟು ಹಳದಿಯಾಗಿ, ಗಾಣಿಗೇರ ಓಣಿಯತ್ತ ತಿರುಗಿ, ಮತ್ತೆ ಹಸಿರಾದವು. ಒಂದು ಗಲಾಟೆಯಿಲ್ಲ, ಒಂದು ಕಲ್ಲು ತೂರಾಟವಿಲ್ಲ. ಸಂಘದ ಹಣ ತೆಗೆಯಲು ಎಲ್ಲರೂ ಕೂಡಬೇಕು, ಠರಾವು ಆಗಬೇಕು, ಸಹಿಯಾಗಬೇಕು. ಅಷ್ಟರಲ್ಲಿ ಸಿಟ್ಟು ಇಳಿದಿರುತ್ತದೆ. ಹಿಂದೆ ಠೇವಣಿಗಳಿಗೆ ಇದ್ದ ವಿಮೆಯನ್ನು, ಪಡಿಯೂರು ಬಂದ ಮೇಲೆ ಇನ್ನು ಬ್ಯಾಂಕು ಮುಳುಗುವುದೇ ಇಲ್ಲವಲ್ಲ ಎಂದು ಅರ್ಧಕ್ಕಿಳಿಸಿ, ಸಂಘಗಳಿಗೆ ಪೂರ್ತಿ ತೆಗೆದುಹಾಕಿದ್ದರು.

ಇನಾಮದಾರರು ನೀಲಗಂಗವ್ವನ ಹಸಿರು ಚುಕ್ಕಿಯ ಮೇಲೆ ಬೆರಳಿಟ್ಟರು. ಯಂತ್ರ ಆ ಪಡಿಯಚ್ಚಿನ ನಡವಳಿಕೆಯನ್ನು ಅಕ್ಷರದಲ್ಲಿ ಬರೆಯಿತು. ನೆರೆಹೊರೆಯವರ ಪ್ರಶ್ನೆ: ಸೊಸೆಗೆ ಗೊತ್ತಿತ್ತೇ? ಸಂಭಾವ್ಯ ಉತ್ತರ: ಇಲ್ಲ, ಅವಳಿಗೂ ಗೊತ್ತಿರಲಿಲ್ಲ. ಉತ್ತರದ ಕಾರಣ: ಕುಟುಂಬದ ಮರ್ಯಾದೆ. ಪರಿಣಾಮ: ಊರು ಶಾಂತ.

"ನಿಮ್ಮ ಹೆಸರಿಗೂ ಏನೂ ಆಗೂದಿಲ್ಲ" ಎಂದರು ಇನಾಮದಾರರು, ಸಮಾಧಾನ ಮಾಡುವಂತೆ.

ಮಧುಮತಿ ಪರದೆಗೆ ಬೆನ್ನು ಮಾಡಿ ನಿಂತಳು. "ಎಲ್ಲಾರದೂ ಉಳೀತೈತಿ ಅಂದಿದ್ರಲ್ರಿ ಸರ್! ಅವರು ಸುಮ್ಮಿದ್ದಿದ್ದಕ್ಕ ಅವರ ಕುತ್ತಿಗೀನ ಕೊಯ್ಯೂದೇನ್ರಿ?"

"ಹಂಗಲ್ರೀ..."

"ಮತ್ತ ಹೆಂಗ್ರಿ? ಹಾರಾಡೋರಿಗೆ ಪೂರ್ತಿ, ನಂಬಿದೋರಿಗೆ ಕತ್ತರಿ. ಇದನ್ನ ಮಾಡಾಕ ಯಂತ್ರ ಯಾಕ ಬೇಕಿತ್ರಿ?"

ಇನಾಮದಾರರು ಪರದೆಯನ್ನು ಆರಿಸಿದರು. ಆಮೇಲೆ, "ನಂದೂ ಒಂದು ಸಹಿ ಅಷ್ಟ ಅದ್ರಿ ಇದರಾಗ" ಎಂದರು. "ಮಧ್ಯಾಹ್ನ ಆದೇಶ ಹೊರಗ ಬರ್ತದ. ಅಲ್ಲೀತನಕ ನೀವು ಯಾರಿಗೂ ಫೋನ್ ಮಾಡಬಾರದು. ನಿಮಗ ಗೊತ್ತೇ ಅದ."

ಗೊತ್ತಿತ್ತು. ಅವಳು ರಜೆ ಬರೆದುಕೊಟ್ಟು ನಿಲ್ದಾಣಕ್ಕೆ ಬಂದಳು. ನವಲಗೇರಿಯ ರೈಲು ನಿಂತಿತ್ತು. ಹತ್ತಿದರೆ ಆದೇಶ ಬರುವ ಮೊದಲೇ ಊರು ಮುಟ್ಟಬಹುದು. ಹೆಂಗಸರೆಲ್ಲ ಹಿತ್ತಲಲ್ಲೇ ಇರುತ್ತಾರೆ, ಬ್ಯಾಂಕು ತೆರೆದಿರುತ್ತದೆ, ಅಲ್ಲೇ ಠರಾವು ಬರೆದು, ಸಹಿ ಹಾಕಿ, ಓಡಿದರೆ ಸಿಕ್ಕೀತು. ಕಾಲು ಮುಂದಿಟ್ಟಳು. ಜೈಲು ನೆನಪಾಯಿತು. ಬಸವಂತ, ಮನೆಯ ಸಾಲದ ಕಂತು, ಊರವರೆದುರು ಪೊಲೀಸ್ ಜೀಪು ಎಲ್ಲ ನೆನಪಾದವು. ಹೆದರಿಕೆ ಎಂಬುದು ಎಷ್ಟು ನೀಚವಾಗಿರುತ್ತದೆ ಅಂದರೆ, ಅದು ಅವಳಿಗೆ ಒಂದು ಒಳ್ಳೆಯ ಕಾರಣವನ್ನೂ ಹುಡುಕಿಕೊಟ್ಟಿತು. ತಾನು ಹೇಳಿದರೆ ಇಡೀ ಊರು ಓಡುತ್ತದೆ, ಎಲ್ಲರದೂ ಹೋಗುತ್ತದೆ. ರೈಲು ಹೊರಟಿತು. ಅವಳು ಬೆಂಚಿನ ಮೇಲೆ ಕೂತು ಅದು ಹೋಗುವುದನ್ನು ನೋಡಿದಳು. ಮುಂದಿನ ರೈಲಿಗೆ ಹತ್ತಿದಳು. ದಾರಿಯಲ್ಲಿ ರೈಲುಡಬ್ಬಿಯಲ್ಲಿದ್ದವರ ಫೋನುಗಳು ಒಂದರ ಹಿಂದೊಂದು ಟಣ್ ಎಂದವು, ಆದೇಶ ಹೊರಬಿದ್ದಿತ್ತು.

ಮನೆ ಮುಟ್ಟಿದಾಗ ಹಿತ್ತಲಿನಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿರಲಿಲ್ಲ. ಹೆಂಗಸರೆಲ್ಲ ಒಲೆಗಳ ಸುತ್ತ ನಿಂತಿದ್ದರು. ಅಡುಗೆಮನೆಯ ಬಾಗಿಲ ಹಿಂದೆ ಮಧುಮತಿ ನಿಂತಳು.

"ಮೂರರಾಗ ಎಲ್ಡು ಪಾಲು ಹೋತಂತ" ಎನ್ನುತ್ತಿದ್ದಳು ಸಾವಂತ್ರವ್ವ. "ಬ್ಯಾಂಕಿನ್ಯಾಗ ಕೇಳಿದ್ರ, ಮ್ಯಾಲಿನ ಆರ್ಡರು ಅಂತಾರ. ಮ್ಯಾಲೆ ಅಂದ್ರ ಎಲ್ಲಿ? ಮುಗಿಲಾಗೇನು?"

"ಸಾವಕಾರ ಪಾಟೀಲರ ಗೋದಾಮಿನ ರೊಕ್ಕಕ್ಕೇನೂ ಆಗಿಲ್ಲಂತ" ಎಂದಳು ಇನ್ನೊಬ್ಬಳು.

ಹುಸೇನಬಿ ನೀಲಗಂಗವ್ವನ ಎದುರಿಗೆ ಬಂದು ನಿಂತಳು. ಅವಳ ದನಿಯಲ್ಲಿ ಸಿಟ್ಟಿಗಿಂತ ದಣಿವೇ ಹೆಚ್ಚಿತ್ತು. "ನೀಲವ್ವ, ಒಂದ ಒಲಿ ಮುಂದ ಬೆಂದೋರು ನಾವು. ಖರೇ ಹೇಳು. ಇರ್ಲಿ ಅಂದಾಗ ನಿನ್ನ ಸೊಸಿಗೆ ಗೊತ್ತಿತ್ತೋ ಇಲ್ಲೋ?"

"ಇಲ್ಲವ್ವ" ಎಂದಳು ನೀಲಗಂಗವ್ವ. "ಆಕಿಗೂ ಗೊತ್ತಿರಲಿಲ್ಲ."

ಬೆಳಿಗ್ಗೆ ಪರದೆಯ ಮೇಲೆ ಓದಿದ್ದ ಅದೇ ಮಾತು. ಮಧುಮತಿಗೆ ಮೈಯೆಲ್ಲ ಉರಿ ಹತ್ತಿತು. ತನ್ನ ಮಾನಕ್ಕಾಗಿ ಈ ಮುದುಕಿ, ಜೀವಮಾನವಿಡೀ ಜೊತೆಗೆ ದುಡಿದವರ ಮುಖ ನೋಡುತ್ತ ಸುಳ್ಳು ಹೇಳುತ್ತಿದ್ದಾಳೆ. ಆ ಯಂತ್ರ ಹೇಳಿದಂತೆಯೇ ಹೇಳುತ್ತಿದ್ದಾಳೆ. ನಾಳೆ ಊರೆಲ್ಲ ಹಸಿರಾಗುತ್ತದೆ, ಇನಾಮದಾರರು ಪೇಢೆ ತರಿಸುತ್ತಾರೆ. ಹಣವಂತೂ ಹೋಯಿತು, ಈ ಸುಳ್ಳನ್ನಾದರೂ ಇವಳ ತಲೆಯಿಂದ ಇಳಿಸಬೇಕು. ಅವಳು ಬಾಗಿಲು ದಾಟಿ ಹೊರಗೆ ಬಂದಳು.

"ಗೊತ್ತಿತ್ತು" ಎಂದಳು. ಎಲ್ಲರೂ ತಿರುಗಿದರು. "ಬ್ಯಾಂಕು ಕೆಟ್ಟೈತಿ ಅಂತ ನನಗ ಮೊದಲ ಗೊತ್ತಿತ್ತು. ಗೊತ್ತಿದ್ದೂ ಇರ್ಲಿ ಅಂದೆ. ನನ್ನ ಮಾನ ಉಳಸಾಕ ಅತ್ತಿ ಸುಳ್ಳು ಹೇಳಾಕತ್ತಾರ. ಬೈಯೂದಿದ್ರ ನನಗ ಬೈರಿ. ಅವರದೇನೂ ತಪ್ಪಿಲ್ಲ."

ಬೈದರೆ ಎಷ್ಟೋ ಹಗುರಾಗುತ್ತಿತ್ತು. ಯಾರೂ ಬೈಯಲಿಲ್ಲ. ಹುಸೇನಬಿ ತನ್ನ ಮಂಜುಗಣ್ಣನ್ನು ಕಿರಿದು ಮಾಡಿ ಅವಳನ್ನು ಗುರುತು ಹಿಡಿಯುವವಳಂತೆ ನೋಡಿದಳು. ನೀಲಗಂಗವ್ವನ ಕಡೆ ನೋಡಲಿಲ್ಲ. ತಾನು ಹಿಟ್ಟು ನಾದುವ ಮರದ ಕೊಣಮಿಗೆಯನ್ನು ಬಗಲಿಗೇರಿಸಿ, "ನಡೀರವ್ವ" ಎಂದಳು. ಹಿಟ್ಟು ನಾದಿದ್ದವರು ನಾದಿದ ಹಿಟ್ಟನ್ನು ಅಲ್ಲೇ ಬಿಟ್ಟು ಎದ್ದರು. ಹಿತ್ತಲು ಖಾಲಿಯಾಯಿತು.

ಮಧುಮತಿ ಅತ್ತೆಯ ಬಳಿ ಹೋಗಿ ಕೂತಳು. "ನೀವು ನನಗಾಗಿ ಸುಳ್ಳು ಹೇಳಬಾರದಿತ್ರಿ ಅತ್ತಿ" ಎಂದಳು. ಕಣ್ಣಲ್ಲಿ ನೀರಿತ್ತು. ಒಳಗೆಲ್ಲೋ ಒಂದು ನಿರಾಳವೂ ಇತ್ತು, ಕೊನೆಗಾದರೂ ಸರಿಯಾದದ್ದೊಂದು ಮಾಡಿದೆನೆಂದು.

ನೀಲಗಂಗವ್ವ ಕೈಗಂಟಿದ ಹಿಟ್ಟನ್ನು ಉಜ್ಜಿ ಉಜ್ಜಿ ತೆಗೆಯುತ್ತಿದ್ದಳು.

"ನಾ ಸುಳ್ಳು ಹೇಳಿರಲಿಲ್ಲ ಮಧು."

ಮಧುಮತಿಗೆ ಅರ್ಥವಾಗಲಿಲ್ಲ.

"ಗೊತ್ತಿದ್ರ ನನಗ ಹೇಳದ ಇರ್ತಿದ್ದಿಲ್ಲ ನೀ, ಅಂತ ತಿಳದಿದ್ದೆ" ಎಂದಳು ನೀಲಗಂಗವ್ವ. ದನಿ ಏರಿರಲಿಲ್ಲ. "ಆ ದೊಡ್ಡ ಮಂದಿ ಈ ಹುಡುಗಿಗೂ ಮೋಸ ಮಾಡಿದ್ರಲ್ಲ ಅಂತ ಸುದ್ದಿ ಬಂದಾಗಿಂದ ನಿನ್ನ ಸಲುವಾಗಿನ ಸಂಕಟಪಡಾಕತ್ತಿದ್ದೆ."

ಆಕೆ ಎದ್ದಳು. ಸೆರಗು ಸರಿಮಾಡಿಕೊಂಡು, ಗೋಡೆಯ ಬದಿಗಿದ್ದ ಚಪ್ಪಲಿ ಮೆಟ್ಟಿದಳು.

"ಎಲ್ಲಿಗ್ರಿ ಅತ್ತಿ?"

"ಅವರ ಮನಿಗೆ. ಒಬ್ಬೊಬ್ಬಾಕಿ ಮನಿಗೂ ಹೋಗಬೇಕು. ಸುಳ್ಳು ಹೇಳಾಕಿ ಅಂತ ತಿಳಕೊಂಡು ಹೋದ್ರವರು ನನ್ನ. ನನಗ ಗೊತ್ತಿರಲಿಲ್ಲ ಅಂತ ಹೇಳಬೇಕು. ನಂಬ್ತಾರೋ ಇಲ್ಲೋ."

"ನಾನೂ ಬರ್ತೀನ್ರಿ. ನಾ ಹೇಳ್ತೀನಿ ಅವರಿಗೆ."

"ನೀ ಬರಬ್ಯಾಡ" ಎಂದಳು ನೀಲಗಂಗವ್ವ. "ನಿನ್ನ ಮಾತು ಯಾರು ಕೇಳ್ತಾರ ಇನ್ನ." ಹಿತ್ತಲ ಬಾಗಿಲು ತೆಗೆದು, ಮೊದಲು ಹುಸೇನಬಿಯ ಮನೆಯ ಕಡೆಗೆ ನಡೆದಳು.